ಹೊಸ ತಂತ್ರಾಂಶ, ಹಳೆಯ ಕಡತ: ವಿನ್ಯಾಸ ನಕ್ಷೆಗಳ ಒಂದು ಚರಿತ್ರೆ

ನೂರು ವರ್ಷಗಳ ಹಿಂದೆ ಕಾಗದದ ಮೇಲೆ ಮಸಿಯಿಂದ ಎಳೆದ ಸೇತುವೆಯ ನಕ್ಷೆಯೊಂದು ನಿಮ್ಮ ಕೈಗೆ ಸಿಕ್ಕಿತೆಂದು ಭಾವಿಸಿ. ಕಾಗದ ಹಳದಿಯಾಗಿರಬಹುದು, ಅಂಚನ್ನು ಗೆದ್ದಲು ತಿಂದಿರಬಹುದು. ಆದರೂ ಉಳಿದ ಭಾಗವನ್ನು ನೀವು ಓದಬಲ್ಲಿರಿ. ಅಳತೆಪಟ್ಟಿ ಇಟ್ಟು ಉದ್ದ ಅಗಲಗಳನ್ನು ಅಳೆಯಬಲ್ಲಿರಿ. ಅದನ್ನು ಬರೆದ ಲೇಖನಿ ಯಾವುದು, ಮಸಿ ಯಾವ ಅಂಗಡಿಯದು ಎಂಬುದು ನಿಮಗೆ ಗೊತ್ತಿರಬೇಕಾಗಿಲ್ಲ.

ಈಗ ಇನ್ನೊಂದು ಸಂದರ್ಭವನ್ನು ನೋಡೋಣ. 1990ರ ಸುಮಾರಿಗೆ ಕಂಪ್ಯೂಟರಿನಲ್ಲಿ ರಚಿಸಿದ ಸೇತುವೆಯ ನಕ್ಷೆಯೊಂದು ಕಡತದ, ಅಂದರೆ ಫೈಲಿನ, ರೂಪದಲ್ಲಿ ನಿಮ್ಮ ಬಳಿ ಇದೆ. ಅದರ ಒಂದು ಬಿಟ್ ಕೂಡ ಹಾಳಾಗಿಲ್ಲ. ಆದರೆ ಅದನ್ನು ಬರೆದ 'ಲೇಖನಿ', ಎಂದರೆ ಆ ತಂತ್ರಾಂಶದ ಆ ಆವೃತ್ತಿ, ಇಂದು ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲ. ಹೊಸ ಆವೃತ್ತಿ ಆ ಕಡತವನ್ನು ತೆರೆಯಬಹುದು, ತೆರೆಯದಿರಬಹುದು. ಮೂರನೆಯ ಸಾಧ್ಯತೆಯೂ ಉಂಟು. ತೆರೆದಂತೆ ತೋರಿ, ಒಳಗಿನ ಯಾವುದೋ ಒಂದು ಅಂಶವನ್ನು ಸದ್ದಿಲ್ಲದೆ ಬದಲಿಸಿಬಿಡಬಹುದು. ಈ ಮೂರರಲ್ಲಿ ಹೆಚ್ಚು ಅಪಾಯಕಾರಿಯಾದದ್ದು ಮೂರನೆಯದು. ತೆರೆಯದ ಕಡತ ತನ್ನ ದೋಷವನ್ನು ತಾನೇ ಸಾರುತ್ತದೆ. ತಪ್ಪಾಗಿ ತೆರೆದ ಕಡತ ಏನನ್ನೂ ಹೇಳುವುದಿಲ್ಲ.

ಕಳೆದ ನಾಲ್ಕು ದಶಕಗಳಲ್ಲಿ ವಿನ್ಯಾಸ ತಂತ್ರಾಂಶಗಳು ಹೊಸದಾಗುತ್ತ ಹೋದಂತೆ ಹಳೆಯ ಕಡತಗಳ ಗತಿ ಏನಾಯಿತು? ಈ ಚರಿತ್ರೆ ಇಂಜಿನಿಯರುಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ಕನ್ನಡದಲ್ಲಿ ಪ್ರಶ್ನೆಪತ್ರಿಕೆ ಸಿದ್ಧಪಡಿಸಿರುವ ಪ್ರತಿಯೊಬ್ಬ ಅಧ್ಯಾಪಕರಿಗೂ ಇದರಲ್ಲಿ ಪಾಲಿದೆ.

ಕಡತದಲ್ಲಿ ಇರುವುದೇನು?

ಪರದೆಯ ಮೇಲೆ ಒಂದು ವೃತ್ತ ಕಾಣುತ್ತದೆ. ಕಡತದಲ್ಲಿ ವೃತ್ತವಿಲ್ಲ. ಅಲ್ಲಿರುವುದು 'ಇದು ವೃತ್ತ' ಎಂದು ಸೂಚಿಸುವ ಒಂದು ಸಂಕೇತ, ಕೇಂದ್ರದ ನಿರ್ದೇಶಾಂಕಗಳು ಮತ್ತು ತ್ರಿಜ್ಯ. ಈ ಸಂಖ್ಯೆಗಳನ್ನು ಸಾಮಾನ್ಯವಾಗಿ 64 ಬಿಟ್‌ಗಳಲ್ಲಿ, ಸುಮಾರು 15 ಅಂಕಿಗಳ ನಿಖರತೆಯಲ್ಲಿ ದಾಖಲಿಸಲಾಗುತ್ತದೆ. ಪರದೆಯ ಮೇಲಿನ ವೃತ್ತವು ಈ ಸಂಖ್ಯೆಗಳನ್ನು ಓದಿದ ತಂತ್ರಾಂಶ ಆ ಕ್ಷಣದಲ್ಲಿ ಎಳೆದು ತೋರಿಸಿದ ಚಿತ್ರ.

ಸಂಖ್ಯೆ ಎಂಬುದೂ ಓದುವವರನ್ನು ಅವಲಂಬಿಸಿದೆ. 64 ಬಿಟ್‌ಗಳ ಒಂದು ಸಾಲನ್ನು ತೆಗೆದುಕೊಳ್ಳಿ. ಮೊದಲ ಎರಡು ಬಿಟ್‌ಗಳು 0, ಮುಂದಿನ ಹತ್ತು ಬಿಟ್‌ಗಳು 1, ಉಳಿದ 52 ಬಿಟ್‌ಗಳು 0. ದಶಮಾಂಶ ಸಂಖ್ಯೆಗಳನ್ನು ಬರೆಯಲು ಕಂಪ್ಯೂಟರುಗಳಲ್ಲಿ ಬಳಕೆಯಲ್ಲಿರುವ ಪದ್ಧತಿಯಂತೆ ಓದಿದರೆ ಇದರ ಬೆಲೆ 1. ಇದೇ ಸಾಲನ್ನು ಪೂರ್ಣಾಂಕವೆಂದು ಓದಿದರೆ ಇದರ ಬೆಲೆ 4607182418800017408. ಬಿಟ್‌ಗಳು ಬದಲಾಗಿಲ್ಲ, ಓದುವ ಒಪ್ಪಂದ ಬದಲಾಯಿತು, ಅಷ್ಟೆ. ಈ ಒಪ್ಪಂದವನ್ನೇ ಕಡತದ ರೂಪ ಅಥವಾ ಫಾರ್ಮ್ಯಾಟ್ ಎಂದು ಕರೆಯುತ್ತಾರೆ. ತಂತ್ರಾಂಶದ ಆವೃತ್ತಿ ಬದಲಾದಾಗ ಕೆಲವೊಮ್ಮೆ ಈ ಒಪ್ಪಂದವೂ ಬದಲಾಗುತ್ತದೆ. ನಮ್ಮ ಕಥೆಯ ಮೂಲ ಇಲ್ಲಿದೆ.

ಆರು ಅಕ್ಷರಗಳ ವಂಶಾವಳಿ

ಮೇಜಿನ ಮೇಲಿನ ಸಣ್ಣ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವುದನ್ನು ವ್ಯಾಪಕಗೊಳಿಸಿದ ತಂತ್ರಾಂಶ ಆಟೋಕ್ಯಾಡ್. ಅಮೆರಿಕದಲ್ಲಿ ಜಾನ್ ವಾಕರ್ ಮತ್ತು ಸಂಗಡಿಗರು 1982ರಲ್ಲಿ ಆಟೋಡೆಸ್ಕ್ ಸಂಸ್ಥೆಯನ್ನು ಸ್ಥಾಪಿಸಿದರು. ಅದೇ ವರ್ಷದ ಕೊನೆಗೆ ಆಟೋಕ್ಯಾಡ್‌ನ ಮೊದಲ ಆವೃತ್ತಿ ಹೊರಬಂದಿತು. ಅದಕ್ಕೆ ಆಧಾರವಾದದ್ದು ಮೈಕ್ ರಿಡಲ್ ಎಂಬವರು 1970ರ ದಶಕದ ಕೊನೆಯಲ್ಲಿ ಬರೆದಿದ್ದ 'ಇಂಟರ್‍ಯಾಕ್ಟ್' ಎಂಬ ತಂತ್ರಾಂಶ.

ಆಗಿನ ಫ್ಲಾಪಿ ಡಿಸ್ಕಿನಲ್ಲಿ ಹಿಡಿಸುತ್ತಿದ್ದದ್ದು ಕೆಲವು ನೂರು ಕಿಲೋಬೈಟ್ ಮಾತ್ರ. ಹೀಗಾಗಿ ನಕ್ಷೆಯನ್ನು ಸಾಧ್ಯವಾದಷ್ಟು ಒತ್ತಾಗಿ, ಮನುಷ್ಯರು ನೇರವಾಗಿ ಓದಲಾಗದ ದ್ವಿಮಾನ ರೂಪದಲ್ಲಿ ಉಳಿಸಬೇಕಾಗಿತ್ತು. ಇದೇ ಡಿಡಬ್ಲ್ಯುಜಿ ಕಡತ. ಇದರ ಒಳರಚನೆಯನ್ನು ಸಂಸ್ಥೆ ಬಹಿರಂಗಪಡಿಸಲಿಲ್ಲ. ಇದರ ಜೊತೆಗೇ, ಬೇರೆ ತಂತ್ರಾಂಶಗಳೊಡನೆ ವಿನಿಮಯಕ್ಕೆಂದು ಡಿಎಕ್ಸ್‌ಎಫ್ ಎಂಬ ಇನ್ನೊಂದು ರೂಪವನ್ನೂ ನೀಡಿತು. ಇದು ಸಾಮಾನ್ಯ ಪಠ್ಯ. ಇದರ ವಿವರಣೆ ಪ್ರಕಟವಾಗಿದೆ. ವೃತ್ತವೊಂದರ ದಾಖಲೆಯಲ್ಲಿ 10 ಎಂಬ ಸಂಕೇತದ ಕೆಳಗಿನ ಸಾಲಿನಲ್ಲಿ ಕೇಂದ್ರದ ಮೊದಲ ನಿರ್ದೇಶಾಂಕ, 20ರ ಕೆಳಗೆ ಎರಡನೆಯದು, 40ರ ಕೆಳಗೆ ತ್ರಿಜ್ಯ. ಇಷ್ಟು ತಿಳಿದಿದ್ದರೆ ಆಟೋಕ್ಯಾಡ್ ಇಲ್ಲದೆಯೂ, ಕಾಗದ ಮತ್ತು ಕೈವಾರಗಳಿಂದಲೇ, ಆ ವೃತ್ತವನ್ನು ನೀವು ಮತ್ತೆ ಎಳೆಯಬಹುದು.

ಡಿಡಬ್ಲ್ಯುಜಿ ಕಡತದ ಮೊದಲ ಆರು ಅಕ್ಷರಗಳು ಅದರ ಜನ್ಮಕಾಲವನ್ನು ಹೇಳುತ್ತವೆ. ಅವುಗಳ ವಂಶಾವಳಿ ಹೀಗಿದೆ:

ಎಸಿ1009 – 11 ಮತ್ತು 12ನೆಯ ಬಿಡುಗಡೆಗಳು
ಎಸಿ1012 – 13ನೆಯ ಬಿಡುಗಡೆ (1994)
ಎಸಿ1014 – 14ನೆಯ ಬಿಡುಗಡೆ (1997)
ಎಸಿ1015 – ಆಟೋಕ್ಯಾಡ್ 2000ರಿಂದ 2002
ಎಸಿ1018 – 2004ರಿಂದ 2006
ಎಸಿ1021 – 2007ರಿಂದ 2009
ಎಸಿ1024 – 2010ರಿಂದ 2012
ಎಸಿ1027 – 2013ರಿಂದ 2017
ಎಸಿ1032 – 2018 ಮತ್ತು ನಂತರದ ಹಲವು ಆವೃತ್ತಿಗಳು

ಬಹುಕಾಲ ಸುಮಾರು ಮೂರು ವರ್ಷಗಳಿಗೊಮ್ಮೆ ರೂಪ ಬದಲಾಗಿರುವುದನ್ನು ನೀವು ಗಮನಿಸಬಹುದು. 2004ರ ರೂಪದ ಕಡತವನ್ನು ಆಟೋಕ್ಯಾಡ್ 2002ಕ್ಕೆ ಕೊಟ್ಟರೆ ಅದು 'ಇದು ಸರಿಯಾದ ನಕ್ಷೆಯ ಕಡತವಲ್ಲ' ಎಂಬರ್ಥದ ಸಂದೇಶ ನೀಡಿ ಸುಮ್ಮನಾಗುತ್ತದೆ. ಕಡತ ಸರಿಯಾಗಿಯೇ ಇರುತ್ತದೆ. ಓದುವವನಿಗೆ ಆ ಭಾಷೆ ಬಾರದು.

ಇಲ್ಲಿ ಒಂದು ಅಸಮತೆಯನ್ನು ಅರ್ಥಮಾಡಿಕೊಳ್ಳಬೇಕು. ಹೊಸ ಆವೃತ್ತಿಯನ್ನು ಬರೆದವರಿಗೆ ಹಳೆಯ ರೂಪ ಗೊತ್ತಿರುತ್ತದೆ. ಆದ್ದರಿಂದ ಅದನ್ನು ಓದುವ ಏರ್ಪಾಡನ್ನು ಅವರು ಇಟ್ಟಿರುತ್ತಾರೆ. ಹಳೆಯ ಆವೃತ್ತಿಯನ್ನು ಬರೆದವರಿಗೆ ಮುಂದೆ ಬರುವ ರೂಪ ತಿಳಿದಿರಲು ಸಾಧ್ಯವಿಲ್ಲ. ಇಂದಿನ ಓದುಗರು ಹಳಗನ್ನಡವನ್ನು ಕಲಿತು ಪಂಪನನ್ನು ಓದಬಹುದು. ಪಂಪನ ಕಾಲದ ಓದುಗರಿಗೆ ನಮ್ಮ ದಿನಪತ್ರಿಕೆ ಅರ್ಥವಾಗುವಂತಿಲ್ಲ. ಆದರೆ ಹಳಗನ್ನಡ ಕಲಿಸುವವರು ಇರುವವರೆಗೆ ಮಾತ್ರ ಪಂಪ ನಮಗೆ ದಕ್ಕುತ್ತಾನೆ. ತಂತ್ರಾಂಶದಲ್ಲಿಯೂ ಹಾಗೆಯೇ. ಹಳೆಯ ರೂಪವನ್ನು ಓದುವ ಏರ್ಪಾಡನ್ನು ತಯಾರಕರು ಕೈಬಿಟ್ಟ ದಿನ ಆ ದಾರಿ ಮುಚ್ಚುತ್ತದೆ.

ತೆರೆಯುವುದಕ್ಕಿಂತ ಉಳಿಸುವುದು ಕಷ್ಟ

ಹೊಸ ಆವೃತ್ತಿಯಲ್ಲಿ ಹಳೆಯ ಕಡತವನ್ನು ತೆರೆದಿರಿ. ಒಂದು ಗೆರೆ ಸರಿಪಡಿಸಿ 'ಸೇವ್' ಒತ್ತಿದಿರಿ. ಅನೇಕ ತಂತ್ರಾಂಶಗಳಲ್ಲಿ ಆ ಕ್ಷಣದಲ್ಲಿ ಕಡತ ಹೊಸ ರೂಪಕ್ಕೆ ಬದಲಾಗುತ್ತದೆ. ಹೆಸರು ಅದೇ, ಮೊದಲ ಆರು ಅಕ್ಷರಗಳು ಬೇರೆ. ಪಕ್ಕದ ಕಚೇರಿಯಲ್ಲಿ ಹಳೆಯ ಆವೃತ್ತಿ ಬಳಸುವವರು ಮರುದಿನ ಅದನ್ನು ತೆರೆಯಲಾರರು. ಆಗ ನೀವು ಹಳೆಯ ರೂಪದಲ್ಲಿ ಮತ್ತೆ ಉಳಿಸಿಕೊಡಬೇಕು. ನಷ್ಟ ಆರಂಭವಾಗುವುದು ಇಲ್ಲಿಂದ.

1994ರ 13ನೆಯ ಬಿಡುಗಡೆ ಇದಕ್ಕೆ ಒಳ್ಳೆಯ ನಿದರ್ಶನ. ಅದರಲ್ಲಿ ನಿಜವಾದ ದೀರ್ಘವೃತ್ತ, 'ಸ್ಪ್ಲೈನ್' ಎಂಬ ನಯವಾದ ವಕ್ರರೇಖೆ ಮತ್ತು ಘನಾಕೃತಿಗಳ ಹೊಸ ಬಗೆ ಸೇರಿದವು. ಆದರೆ ಅದು ನಿಧಾನವಾಗಿತ್ತು, ದೋಷಗಳೂ ಇದ್ದವು. ಬಹಳ ಮಂದಿ 12ರಲ್ಲಿಯೇ ಉಳಿದರು. ಹೀಗೆ 12 ಮತ್ತು 13 ಅಕ್ಕಪಕ್ಕದಲ್ಲಿ ಬದುಕಬೇಕಾಯಿತು. 12ರ ಭಾಷೆಯಲ್ಲಿ ಸ್ಪ್ಲೈನ್ ಎಂಬ ಪದವೇ ಇಲ್ಲ. ಆದ್ದರಿಂದ 13ರಿಂದ 12ಕ್ಕೆ ಉಳಿಸುವಾಗ ಸ್ಪ್ಲೈನನ್ನು ಸಣ್ಣ ಸಣ್ಣ ತುಂಡುಗಳ ಸರಣಿಯಾಗಿ ಒಡೆಯಬೇಕಾಯಿತು.

ಇದರಿಂದ ಆಗುವ ದೋಷ ಎಷ್ಟು? ನೀವೇ ಲೆಕ್ಕ ಹಾಕಬಹುದು. ವಕ್ರರೇಖೆಯ ಒಂದು ಭಾಗ 100 ಮಿಲಿಮೀಟರ್ ತ್ರಿಜ್ಯದ ಕಂಸವಾಗಿದೆ ಎಂದುಕೊಳ್ಳಿ. ಅದನ್ನು 10 ಡಿಗ್ರಿಗೊಂದರಂತೆ ಸರಳರೇಖೆಗಳಾಗಿ ಒಡೆದರೆ, ಜ್ಯಾ ಮತ್ತು ಕಂಸದ ನಡುವಿನ ಗರಿಷ್ಠ ಅಂತರವು ತ್ರಿಜ್ಯವನ್ನು (1 – ಕೊಸೈನ್ 5 ಡಿಗ್ರಿ)ಯಿಂದ ಗುಣಿಸಿದಷ್ಟು, ಅಂದರೆ ಸುಮಾರು 0.38 ಮಿಲಿಮೀಟರ್. ಗೋಡೆ ಕಟ್ಟುವವರಿಗೆ ಇದು ಲೆಕ್ಕಕ್ಕಿಲ್ಲ. ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ನಿಖರತೆ ಬೇಡುವ ಯಂತ್ರಭಾಗಕ್ಕೆ ಇದು ದೊಡ್ಡ ತಪ್ಪು. ತುಂಡುಗಳನ್ನು ಚಿಕ್ಕದಾಗಿಸಿದರೆ ದೋಷ ಕಡಿಮೆಯಾಗುತ್ತದೆ ನಿಜ. ಆದರೆ ಇದೊಂದು ವಕ್ರರೇಖೆ ಎಂಬ ತಿಳಿವಳಿಕೆ ಕಡತದಿಂದ ಅಳಿಸಿಹೋಗಿರುತ್ತದೆ. ಅದೇ ಕಡತವನ್ನು ಮತ್ತೆ 13ರಲ್ಲಿ ತೆರೆದರೆ ಸ್ಪ್ಲೈನ್ ಮರಳಿ ಬರುವುದಿಲ್ಲ. ಘರ್ಷಣೆಯಿಂದ ಉಷ್ಣವಾದ ಶಕ್ತಿಯನ್ನು ಪೂರ್ಣವಾಗಿ ಮರಳಿ ಪಡೆಯಲಾಗದು ಎಂಬ ಪಾಠ ನಿಮಗೆ ನೆನಪಾಗಬಹುದು. ಇದೂ ಹಿಂದಿರುಗಿಸಲಾಗದ ಕ್ರಿಯೆ.

ವಿಮಾನದೊಳಗಿನ ತಂತಿಗಳು

ಆವೃತ್ತಿಗಳ ನಡುವಿನ ಈ ಬಿರುಕು ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ ಪ್ರಸಿದ್ಧ ನಿದರ್ಶನ ಏರ್‌ಬಸ್ ಎ380 ವಿಮಾನ. ಎರಡು ಅಂತಸ್ತಿನ ಈ ದೈತ್ಯ ವಿಮಾನ 2005ರ ಏಪ್ರಿಲ್ 27ರಂದು ಮೊದಲ ಬಾರಿಗೆ ಹಾರಿತು. ಅದರ ಭಾಗಗಳು ಯುರೋಪಿನ ನಾಲ್ಕು ದೇಶಗಳಲ್ಲಿ, ಜರ್ಮನಿ, ಫ್ರಾನ್ಸ್, ಬ್ರಿಟನ್ ಮತ್ತು ಸ್ಪೇನ್‌ಗಳಲ್ಲಿ, ತಯಾರಾಗಿ ಫ್ರಾನ್ಸಿನ ತುಲೂಸ್ ನಗರದಲ್ಲಿ ಜೋಡಣೆಯಾಗುತ್ತಿದ್ದವು. ಒಂದು ವಿಮಾನದಲ್ಲಿ ಸುಮಾರು ಒಂದು ಲಕ್ಷ ವಿದ್ಯುತ್ ತಂತಿಗಳು. ಒಟ್ಟು ಉದ್ದ ಸುಮಾರು 530 ಕಿಲೋಮೀಟರ್.

ವಿನ್ಯಾಸಕ್ಕೆ ಬಳಸಿದ್ದು ಕ್ಯಾಟಿಯಾ ಎಂಬ ತಂತ್ರಾಂಶ. ಫ್ರಾನ್ಸಿನ ದಸೋ ವಿಮಾನ ಸಂಸ್ಥೆಯಲ್ಲಿ 1977ರಲ್ಲಿ ಹುಟ್ಟಿ, 1981ರಲ್ಲಿ ಸ್ಥಾಪನೆಯಾದ ದಸೋ ಸಿಸ್ಟೆಮ್ಸ್ ಸಂಸ್ಥೆಯ ಕೈಯಲ್ಲಿ ಬೆಳೆದ ತಂತ್ರಾಂಶವಿದು. ಅದರ 4ನೆಯ ಆವೃತ್ತಿ 1993ರಲ್ಲಿ ಬಂದಿತ್ತು. 1998ರ 5ನೆಯ ಆವೃತ್ತಿ ಹಳೆಯದರ ಮೇಲೆ ತೇಪೆ ಹಾಕಿದ್ದಲ್ಲ. ಪೂರ್ತಿಯಾಗಿ ಹೊಸದಾಗಿ ಬರೆದದ್ದು. ಎ380ರ ಕೆಲಸದಲ್ಲಿ ತುಲೂಸ್‌ನವರು 5ನೆಯ ಆವೃತ್ತಿಗೆ ಬಂದಿದ್ದರು. ಜರ್ಮನಿಯ ಹ್ಯಾಂಬರ್ಗ್‌ನವರು 4ನೆಯ ಆವೃತ್ತಿಯಲ್ಲಿಯೇ ಇದ್ದರು. ವಿಮಾನದ ಮುಂಭಾಗ ಮತ್ತು ಹಿಂಭಾಗಗಳ ತಂತಿ ಕಟ್ಟುಗಳನ್ನು ವಿನ್ಯಾಸಗೊಳಿಸುತ್ತಿದ್ದವರು ಹ್ಯಾಂಬರ್ಗ್‌ನವರು. ಎರಡು ಆವೃತ್ತಿಗಳ ನಡುವೆ ಮಾಹಿತಿ ಪೂರ್ಣವಾಗಿ ಹರಿಯಲಿಲ್ಲ. ಒಂದು ಕಡೆ ಮಾಡಿದ ತಿದ್ದುಪಡಿ ಇನ್ನೊಂದು ಕಡೆಯ ಮೂರು ಆಯಾಮದ ಮಾದರಿಯಲ್ಲಿ ಸರಿಯಾಗಿ ಕಾಣಿಸಿಕೊಳ್ಳಲಿಲ್ಲ.

ಇದಕ್ಕೆ ಭೌತವಿಜ್ಞಾನದ ಒಂದು ಅಂಶವೂ ಸೇರಿಕೊಂಡಿತು. ತೂಕ ಇಳಿಸಲು ಕೆಲವು ಕಡೆ ತಾಮ್ರದ ಬದಲು ಅಲ್ಯೂಮಿನಿಯಂ ತಂತಿಗಳನ್ನು ಬಳಸಲಾಗಿತ್ತು. ಅಲ್ಯೂಮಿನಿಯಂನ ರೋಧಕತೆ ತಾಮ್ರದ ಸುಮಾರು 1.6ರಷ್ಟು. ಅದೇ ಉದ್ದಕ್ಕೆ ಅದೇ ರೋಧ ಬೇಕಾದರೆ ತಂತಿಯ ಅಡ್ಡಕೊಯ್ತದ ವಿಸ್ತೀರ್ಣ 1.6ರಷ್ಟು, ವ್ಯಾಸ ಸುಮಾರು 1.26ರಷ್ಟು ಹೆಚ್ಚಬೇಕು. ಸಾಂದ್ರತೆ ತಾಮ್ರದ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಇರುವುದರಿಂದ, ಇಷ್ಟು ದಪ್ಪವಾದರೂ ದ್ರವ್ಯರಾಶಿ ಅರ್ಧಕ್ಕಿಂತ ತುಸು ಕಡಿಮೆ. ಲಾಭವೇನೋ ಸರಿ. ಆದರೆ ದಪ್ಪ ತಂತಿಯನ್ನು ತಾಮ್ರದಷ್ಟು ಕಿರಿದಾಗಿ ಬಾಗಿಸುವಂತಿಲ್ಲ. ತಂತಿಯೊಂದು ಅಡ್ಡಿಯನ್ನು ಹೊರಬದಿಯಿಂದ ಸುತ್ತಿ ಹೋಗುವಾಗ ಬಾಗಿನ ತ್ರಿಜ್ಯ 10 ಮಿಲಿಮೀಟರ್ ಹೆಚ್ಚಾದರೆ, ಪ್ರತಿ ಲಂಬಕೋನದ ತಿರುವಿಗೆ ಪೈಯ ಅರ್ಧವನ್ನು 10ರಿಂದ ಗುಣಿಸಿದಷ್ಟು, ಅಂದರೆ ಸುಮಾರು 16 ಮಿಲಿಮೀಟರ್ ಹೆಚ್ಚು ಉದ್ದ ಬೇಕು. ಅಂಥ ಆರು ತಿರುವುಗಳಿದ್ದರೆ ಸುಮಾರು 9 ಸೆಂಟಿಮೀಟರ್. ಇದು ತತ್ತ್ವವನ್ನು ತೋರಿಸಲು ಕೊಟ್ಟ ಲೆಕ್ಕ. ಆ ವಿಮಾನದ ನಿಜವಾದ ಅಳತೆಯಲ್ಲ. ಬಾಗಿನ ಈ ನಿಯಮ ಮಾದರಿಯಲ್ಲಿ ಸರಿಯಾಗಿ ಅಡಕವಾಗಿರದಿದ್ದರೆ ಪರದೆಯ ಮೇಲೆ ಎಲ್ಲವೂ ಚೊಕ್ಕಟವಾಗಿ ಕಾಣುತ್ತದೆ, ಕಾರ್ಖಾನೆಯಲ್ಲಿ ತಂತಿ ಸಾಲದೆ ಬರುತ್ತದೆ.

ಆದದ್ದು ಅದೇ. ಹ್ಯಾಂಬರ್ಗ್‌ನಿಂದ ಬಂದ ತಂತಿ ಕಟ್ಟುಗಳು ತುಲೂಸ್‌ನಲ್ಲಿ ವಿಮಾನದೊಳಗೆ ಎಳೆದಾಗ ಕೆಲವು ಸೆಂಟಿಮೀಟರುಗಳಷ್ಟು ಗಿಡ್ಡವಾಗಿದ್ದವು. ಜರ್ಮನಿಯಿಂದ ನೂರಾರು ತಂತ್ರಜ್ಞರು ತುಲೂಸ್‌ಗೆ ಬಂದು ಕೈಯಿಂದಲೇ ತಂತಿಗಳನ್ನು ಬಿಚ್ಚಿ ಜೋಡಿಸಬೇಕಾಯಿತು. 2006ರ ಜೂನ್‌ನಲ್ಲಿ ವಿಳಂಬ ಪ್ರಕಟವಾಯಿತು. ಜುಲೈ ಆರಂಭದಲ್ಲಿ ಏರ್‌ಬಸ್ ಮುಖ್ಯಸ್ಥ ಗುಸ್ತಾವ್ ಹುಂಬರ್ಟ್ ರಾಜೀನಾಮೆ ನೀಡಿದರು. ಅಕ್ಟೋಬರ್ ವೇಳೆಗೆ ಒಟ್ಟು ವಿಳಂಬ ಸುಮಾರು ಎರಡು ವರ್ಷವೆಂದೂ, 2010ರವರೆಗಿನ ಲಾಭದಲ್ಲಿ 480 ಕೋಟಿ ಯುರೋ ಖೋತಾ ಆಗುವುದೆಂದೂ ಸಂಸ್ಥೆ ಅಂದಾಜು ಮಾಡಿತು. ಮೊದಲ ವಿಮಾನ ಸಿಂಗಪುರ ಏರ್‌ಲೈನ್ಸ್‌ಗೆ ಹಸ್ತಾಂತರವಾದದ್ದು 2007ರ ಅಕ್ಟೋಬರ್ 15ರಂದು.

ತಪ್ಪೆಲ್ಲ ತಂತ್ರಾಂಶದ್ದೇ ಎನ್ನುವುದು ಸರಿಯಲ್ಲ. ಪ್ರತಿಯೊಂದು ವಿಮಾನಯಾನ ಸಂಸ್ಥೆಯೂ ತನಗೆ ಬೇಕಾದಂತೆ ಒಳಾಂಗಣ ಬದಲಿಸಿಕೊಂಡದ್ದು, ತಿದ್ದುಪಡಿಗಳ ಮಹಾಪೂರ, ದೇಶ ದೇಶಗಳ ತಂಡಗಳ ನಡುವಿನ ಸಮನ್ವಯದ ಕೊರತೆ ಎಲ್ಲವೂ ಕೂಡಿದ್ದವು. ಆದರೆ ಎರಡು ಕಡೆಯವರೂ ಒಂದೇ ಹೆಸರಿನ ತಂತ್ರಾಂಶ ಬಳಸುತ್ತಿದ್ದರು ಎಂಬುದನ್ನು ಮರೆಯಬಾರದು. ಹೆಸರು ಒಂದೇ ಆದುದರಿಂದ ಭಾಷೆಯೂ ಒಂದೇ ಎಂದು ನಂಬುವುದು ಸುಲಭ.

ಓದುವ ಹಕ್ಕು ಯಾರದು?

ಇಂಥ ತೊಂದರೆಯನ್ನು ಇಂಜಿನಿಯರುಗಳು ಮೊದಲೇ ಊಹಿಸಿದ್ದರು. 1979ರಷ್ಟು ಹಿಂದೆಯೇ ಬೋಯಿಂಗ್, ಜನರಲ್ ಎಲೆಕ್ಟ್ರಿಕ್ ಮತ್ತು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ಸೇರಿ ಯಾವ ತಯಾರಕರಿಗೂ ಸೇರದ ವಿನಿಮಯ ರೂಪವೊಂದನ್ನು ರಚಿಸತೊಡಗಿದ್ದವು. ಐಜಿಇಎಸ್ ಎಂಬ ಈ ರೂಪ 1981ರಲ್ಲಿ ಅಮೆರಿಕದ ಮಾನಕವಾಯಿತು. ಅದರ ಮುಂದುವರಿಕೆಯಾಗಿ 1994ರಲ್ಲಿ 'ಸ್ಟೆಪ್' ಎಂಬ ಅಂತಾರಾಷ್ಟ್ರೀಯ ಮಾನಕ, ಐಎಸ್‌ಒ 10303, ಪ್ರಕಟವಾಗತೊಡಗಿತು. ವಿಮಾನವೊಂದು ಐವತ್ತು ವರ್ಷ ಹಾರಬಹುದು. ತಂತ್ರಾಂಶದ ಆವೃತ್ತಿ ಕೆಲವೇ ವರ್ಷ ಬಾಳುತ್ತದೆ. ಈ ಅಂತರವನ್ನು ತುಂಬಲು ಪ್ರಕಟಿತ ಮಾನಕ ಬೇಕೇ ಬೇಕು.

ಆದರೆ ಇದರಲ್ಲೂ ಮಿತಿ ಇದೆ. ಲೋಹದ ತಟ್ಟೆಯಲ್ಲಿ '10 ಮಿಲಿಮೀಟರ್ ರಂಧ್ರ ಕೊರೆಯಿರಿ' ಎಂದು ವಿನ್ಯಾಸಕಾರರು ಕೊಟ್ಟ ಆದೇಶ ಸಾಮಾನ್ಯವಾಗಿ ಸ್ಟೆಪ್ ಕಡತಕ್ಕೆ ದಾಟುವುದಿಲ್ಲ. ರಂಧ್ರದ ಆಕಾರ ಮಾತ್ರ ದಾಟುತ್ತದೆ. ಮುಂದೆ ಯಾರಾದರೂ ಅದನ್ನು 12 ಮಿಲಿಮೀಟರ್ ಮಾಡಬೇಕೆಂದರೆ ಒಂದು ಸಂಖ್ಯೆ ಬದಲಿಸಿದರೆ ಸಾಲದು, ಆಕಾರವನ್ನೇ ತಿದ್ದಬೇಕು.

ಇನ್ನೊಂದು ಕಡೆ, ಡಿಡಬ್ಲ್ಯುಜಿ ರೂಪದ ರಹಸ್ಯವನ್ನು ಬಿಡಿಸಿ, ಯಾವ ತಂತ್ರಾಂಶವೂ ಅದನ್ನು ಓದಿ ಬರೆಯುವಂತೆ ಮಾಡುವ ಉದ್ದೇಶದಿಂದ 1998ರಲ್ಲಿ 'ಓಪನ್ ಡಿಡಬ್ಲ್ಯುಜಿ ಅಲಯನ್ಸ್' ಎಂಬ ಒಕ್ಕೂಟ ಹುಟ್ಟಿತು. ಮುಂದೆ ಅದು ಓಪನ್ ಡಿಸೈನ್ ಅಲಯನ್ಸ್ ಎಂದಾಯಿತು. ಆಟೋಡೆಸ್ಕ್ ತನ್ನ ತಂತ್ರಾಂಶದಿಂದಲೇ ಬರೆದ ಕಡತಗಳಿಗೆ ಒಂದು ಗುರುತನ್ನು ಸೇರಿಸತೊಡಗಿದಾಗ ಒಕ್ಕೂಟದ ತಂತ್ರಾಂಶವೂ ಆ ಗುರುತನ್ನು ಬರೆಯತೊಡಗಿತು. 2006ರಲ್ಲಿ ಮೊಕದ್ದಮೆಯಾಗಿ 2007ರಲ್ಲಿ ರಾಜಿಯಲ್ಲಿ ಮುಗಿಯಿತು. ಒಕ್ಕೂಟ ಆ ಗುರುತನ್ನು ಕೈಬಿಟ್ಟಿತು. ನಕ್ಷೆ ಬರೆದವರು ನೀವು. ಅದನ್ನು ಓದುವ ಕೀಲಿಕೈ ಯಾರ ಬಳಿ ಇರಬೇಕು ಎಂಬ ಪ್ರಶ್ನೆ ಈ ವ್ಯಾಜ್ಯದ ಹಿಂದೆ ಇತ್ತು.

ನಮ್ಮ ಮನೆಯ ಕಥೆ

ಕನ್ನಡದ ಮುದ್ರಣ ಲೋಕ ಇದೇ ಅನುಭವವನ್ನು ಬೇರೊಂದು ದಾರಿಯಲ್ಲಿ ಪಡೆಯಿತು. ಪುಟ ವಿನ್ಯಾಸಕ್ಕೆಂದು ಆಲ್ಡಸ್ ಸಂಸ್ಥೆ 1985ರಲ್ಲಿ ಪೇಜ್‌ಮೇಕರ್ ತಂತ್ರಾಂಶವನ್ನು ಬಿಡುಗಡೆ ಮಾಡಿತು. 1994ರಲ್ಲಿ ಆಲ್ಡಸ್ ಅಡೋಬಿ ಸಂಸ್ಥೆಯಲ್ಲಿ ವಿಲೀನವಾಯಿತು. 2001ರ 7.0 ಪೇಜ್‌ಮೇಕರ್‌ನ ಕೊನೆಯ ಮುಖ್ಯ ಆವೃತ್ತಿ. ನಮ್ಮ ಎಷ್ಟೋ ಪುಸ್ತಕ, ಸ್ಮರಣ ಸಂಚಿಕೆ, ಪ್ರಶ್ನೆಪತ್ರಿಕೆಗಳು ಡಿಟಿಪಿ ಕೇಂದ್ರಗಳಲ್ಲಿ ಸಿದ್ಧವಾದದ್ದು ಇದರಲ್ಲಿಯೇ. ಅಡೋಬಿ 1999ರಲ್ಲಿ ತಂದ ಇನ್‌ಡಿಸೈನ್ ತಂತ್ರಾಂಶ ಪೇಜ್‌ಮೇಕರ್ 6.0 ಮತ್ತು ನಂತರದ ಕಡತಗಳನ್ನು ತೆರೆಯುತ್ತಿತ್ತು. ಈ ಏರ್ಪಾಡು 2012ರ ಸಿಎಸ್6 ಆವೃತ್ತಿಯವರೆಗೆ ಉಳಿಯಿತು. 2013ರಿಂದ ಬಂದ ಆವೃತ್ತಿಗಳಲ್ಲಿ ಅದು ಇಲ್ಲ. ಪೇಜ್‌ಮೇಕರ್ ಕಡತಗಳನ್ನು ಮಾತ್ರ ಇಟ್ಟುಕೊಂಡವರಿಗೆ ನೇರ ದಾರಿ ಮುಚ್ಚಿತು.

ದಾರಿ ತೆರೆದಿದ್ದಾಗಲೂ ಕನ್ನಡಕ್ಕೆ ಇನ್ನೊಂದು ಬಾಗಿಲು ದಾಟಬೇಕಿತ್ತು. ಆಗಿನ ಫಾಂಟುಗಳಲ್ಲಿ ಇದ್ದದ್ದು 8 ಬಿಟ್‌ಗಳ, ಹೆಚ್ಚೆಂದರೆ 256 ಸ್ಥಾನಗಳು. ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ಕೂರಿಸಲಾಗಿತ್ತು. ಒಬ್ಬೊಬ್ಬ ತಯಾರಕರ ಜೋಡಣೆ ಒಂದೊಂದು ಬಗೆ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದ ಅಂಥ ಫಾಂಟಿನಲ್ಲಿ 'ಕ' ಎಂದರೆ 80 ಮತ್ತು 192 ಎಂಬ ಎರಡು ಸಂಕೇತಗಳು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇವು ರೋಮನ್ 'ಪಿ' ಮತ್ತು ತಲೆಯ ಮೇಲೆ ಗೆರೆಯುಳ್ಳ 'ಎ' ಆಗಿ ಕಾಣುತ್ತವೆ. ನಿಮ್ಮ ಹಳೆಯ ಪ್ರಶ್ನೆಪತ್ರಿಕೆ ತೆರೆದಾಗ ಪರದೆಯ ಮೇಲೆ ಹರಡುವ ವಿಚಿತ್ರ ಲಿಪಿ ಇದೇ.

ಯುನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ವಂತ ಸ್ಥಾನಗಳಿವೆ. ಅಲ್ಲಿ 'ಕ'ದ ಸಂಖ್ಯೆ 3221. ಅದು ಬೇರೆ ಯಾವ ಭಾಷೆಯ ಅಕ್ಷರವೂ ಅಲ್ಲ. ಹಾಗಾದರೆ ಹಳೆಯದನ್ನು ಹೊಸದಕ್ಕೆ ಪರಿವರ್ತಿಸುವುದು ಸಂಖ್ಯೆಗೆ ಸಂಖ್ಯೆ ಬದಲಿಸುವಷ್ಟು ಸುಲಭವೇ? ಅಲ್ಲ. ಅರ್ಕಾವತ್ತನ್ನು ಗಮನಿಸಿ. 'ತರ್ಕ' ಎಂಬಲ್ಲಿ ಹಳೆಯ ಫಾಂಟುಗಳು ಕಣ್ಣಿಗೆ ಕಾಣುವ ಕ್ರಮದಲ್ಲಿ, ಮೊದಲು 'ಕ', ಆಮೇಲೆ ಅರ್ಕಾವತ್ತು ಎಂದು ದಾಖಲಿಸುತ್ತವೆ. ಯುನಿಕೋಡ್ ಉಚ್ಚಾರಣೆಯ ಕ್ರಮದಲ್ಲಿ, ಮೊದಲು 'ರ್', ಆಮೇಲೆ 'ಕ' ಎಂದು ದಾಖಲಿಸುತ್ತದೆ. ಪರಿವರ್ತಕ ಈ ಅದಲುಬದಲನ್ನು ಮಾಡದಿದ್ದರೆ ಪದ ಕೆಡುತ್ತದೆ. ಒತ್ತಕ್ಷರ, ದೀರ್ಘಗಳಲ್ಲಿಯೂ ಇಂಥ ತೊಡಕುಗಳಿವೆ. ಇಲ್ಲಿಯೂ ಪುಟವೇನೋ ತೆರೆದಿದೆ, ಚೆನ್ನಾಗಿಯೇ ಕಾಣುತ್ತದೆ. ನೂರರಲ್ಲಿ ಒಂದು ಪದ ಮಾತ್ರ ತಪ್ಪಾಗಿದೆ. ಸ್ಪ್ಲೈನ್ ತುಂಡಾದ ನಕ್ಷೆಗೂ ಇದಕ್ಕೂ ವ್ಯತ್ಯಾಸವಿಲ್ಲ.

ಪಿಡಿಎಫ್ ಮಾಡಿಟ್ಟರೆ ಸಾಕಲ್ಲವೇ ಎಂದು ನೀವು ಕೇಳಬಹುದು. ಫಾಂಟನ್ನು ಒಳಗೇ ಅಡಕಗೊಳಿಸಿದ ಪಿಡಿಎಫ್ ನೋಟವನ್ನು ಕಾಪಾಡುತ್ತದೆ. ಆದರೆ ಹಳೆಯ ಫಾಂಟಿನ ಪುಟದಿಂದ ಒಂದು ಸಾಲನ್ನು ನಕಲು ಮಾಡಿ ಬೇರೆಡೆ ಅಂಟಿಸಿದರೆ ಅದೇ ವಿಚಿತ್ರ ಲಿಪಿ ಬರುತ್ತದೆ. ಅದರಲ್ಲಿ ಕನ್ನಡ ಪದವನ್ನು ಹುಡುಕಲಾಗದು. ಪಿಡಿಎಫ್ ಬೇಕು, ಅದೊಂದೇ ಸಾಲದು.

ಒಂದು ಸಂರಕ್ಷಣಾ ನಿಯಮ

ಭೌತವಿಜ್ಞಾನದಲ್ಲಿ ಯಾವುದೇ ಘಟನೆಯ ಮೊದಲು ಮತ್ತು ನಂತರ ಬದಲಾಗದೆ ಉಳಿಯುವ ಪರಿಮಾಣಗಳನ್ನು ಹುಡುಕುತ್ತೇವೆ. ಸಂಘಟ್ಟನೆಯ ವಿವರ ತಿಳಿಯದಿದ್ದರೂ ಸಂವೇಗವನ್ನು ಕೂಡಿ ನೋಡಿದರೆ ಲೆಕ್ಕ ತಪ್ಪಿದೆಯೇ ಎಂದು ಹೇಳಬಹುದು. ಕಡತದ ಪರಿವರ್ತನೆಗೂ ಇದೇ ಉಪಾಯ ಒದಗುತ್ತದೆ. ತಂತ್ರಾಂಶದ ಒಳಗೆ ಏನಾಯಿತೆಂಬುದು ನಮಗೆ ಕಾಣದು. ಆದರೆ ಹಳೆಯ ಮತ್ತು ಹೊಸ ಮಾದರಿಗಳ ಘನಗಾತ್ರ, ಮೇಲ್ಮೈ ವಿಸ್ತೀರ್ಣ, ಗುರುತ್ವಕೇಂದ್ರ ಒಂದೇ ಆಗಿರಬೇಕು. ಪಠ್ಯವಾದರೆ ಪುಟಗಳ ಸಂಖ್ಯೆ, ಪದಗಳ ಸಂಖ್ಯೆ ಒಂದೇ ಆಗಿರಬೇಕು. ಇವು ಹೊಂದದಿದ್ದರೆ ಎಲ್ಲೋ ಸೋರಿಕೆಯಾಗಿದೆ. ಇವು ಹೊಂದಿದ ಮಾತ್ರಕ್ಕೆ ಎಲ್ಲವೂ ಸರಿ ಎಂದಲ್ಲ. ಆದರೂ ಕಣ್ಣಂದಾಜಿಗಿಂತ ಇದು ಬಹಳ ಮೇಲು.

ತಂತ್ರಾಂಶ ಬದಲಿಸುವ ಮುನ್ನ ಪಾಲಿಸಬೇಕಾದ ಕೆಲವು ಕ್ರಮಗಳು ಹೀಗಿವೆ:

1. ಮೂಲ ಕಡತದ ಒಂದು ಪ್ರತಿಯನ್ನು ಮುಟ್ಟದೆ ಬೇರೆಡೆ ಇಡಿ. ಹೊಸ ಆವೃತ್ತಿಯಲ್ಲಿ ಕೆಲಸ ಮಾಡುವಾಗ 'ಸೇವ್ ಆ್ಯಸ್' ಬಳಸಿ ಬೇರೆ ಹೆಸರಿನಲ್ಲಿ ಉಳಿಸಿ.

2. ಹಳೆಯ ತಂತ್ರಾಂಶ ಇನ್ನೂ ಕೆಲಸ ಮಾಡುತ್ತಿರುವಾಗಲೇ ಅದರಿಂದ ಪ್ರಕಟಿತ ರೂಪಕ್ಕೆ ಹೊರತೆಗೆಯಿರಿ. ನಕ್ಷೆಯಾದರೆ ಡಿಎಕ್ಸ್‌ಎಫ್ ಅಥವಾ ಸ್ಟೆಪ್, ಇನ್‌ಡಿಸೈನ್ ಪುಟವಾದರೆ ಐಡಿಎಂಎಲ್, ಕನ್ನಡ ಬರಹವಾದರೆ ಯುನಿಕೋಡ್ ಪಠ್ಯ. ಜೊತೆಗೆ ನೋಟಕ್ಕೊಂದು ಪಿಡಿಎಫ್.

3. ಒಂದು ಸಣ್ಣ ಟಿಪ್ಪಣಿ ಬರೆದಿಡಿ: ಯಾವ ತಂತ್ರಾಂಶ, ಯಾವ ಆವೃತ್ತಿ, ಯಾವ ಫಾಂಟ್, ಅಳತೆಯ ಏಕಮಾನ ಯಾವುದು. ಹಳೆಯ ಆಟೋಕ್ಯಾಡ್ ನಕ್ಷೆಗಳಲ್ಲಿ ಒಂದು ಘಟಕವೆಂದರೆ ಮಿಲಿಮೀಟರೋ ಅಂಗುಲವೋ ಎಂಬುದು ಬರೆದವರಿಗೆ ಮಾತ್ರ ಗೊತ್ತಿರುತ್ತಿತ್ತು. ತಪ್ಪು ಊಹಿಸಿದರೆ ಎಲ್ಲ ಉದ್ದವೂ 25.4ರಷ್ಟು ಹೆಚ್ಚುಕಡಿಮೆ.

4. ಪರಿವರ್ತನೆಯ ನಂತರ ಮೇಲೆ ಹೇಳಿದ ಬದಲಾಗದ ಪರಿಮಾಣಗಳನ್ನು ಹೋಲಿಸಿ. ನಾಲ್ಕಾರು ಮುಖ್ಯ ಅಳತೆಗಳನ್ನು, ಅರ್ಕಾವತ್ತು ಇರುವ ನಾಲ್ಕಾರು ಪದಗಳನ್ನು ಕಣ್ಣಾರೆ ನೋಡಿ.

ಮಾಡಿ ನೋಡಿ

ನಿಮ್ಮ ಕಾಲೇಜಿನ ಡ್ರಾಯಿಂಗ್ ಪ್ರಯೋಗಾಲಯದಿಂದ ಒಂದು ಡಿಡಬ್ಲ್ಯುಜಿ ಕಡತದ ಪ್ರತಿಯನ್ನು ತನ್ನಿ. ಪ್ರತಿಯನ್ನೇ ಬಳಸಿ, ಮೂಲವನ್ನಲ್ಲ. ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಅರ್ಥವಾಗದ ಚಿಹ್ನೆಗಳ ರಾಶಿಯ ಆರಂಭದಲ್ಲಿ ಆರು ಅಕ್ಷರಗಳು ಸ್ಪಷ್ಟವಾಗಿ ಕಾಣುತ್ತವೆ. ಮೇಲಿನ ಪಟ್ಟಿಯೊಡನೆ ಹೋಲಿಸಿ ಅದು ಯಾವ ಕಾಲದ ರೂಪದಲ್ಲಿದೆ ಎಂದು ಹೇಳಿ. ಏನನ್ನೂ ಉಳಿಸದೆ ಮುಚ್ಚಿ. ಅದೇ ನಕ್ಷೆಯನ್ನು ಡಿಎಕ್ಸ್‌ಎಫ್ ಆಗಿ ಹೊರತೆಗೆದು ಅದನ್ನೂ ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಅದರಲ್ಲಿ ಒಂದು ವೃತ್ತವನ್ನು ಹುಡುಕಿ, 10, 20, 40ರ ಕೆಳಗಿನ ಸಂಖ್ಯೆಗಳನ್ನು ಗ್ರಾಫ್ ಹಾಳೆಯ ಮೇಲೆ ಎಳೆಯಿರಿ. ಎರಡು ಕಡತಗಳಲ್ಲಿಯೂ ಇರುವುದು ಒಂದೇ ವೃತ್ತ. ಒಂದನ್ನು ಓದಲು ಅದನ್ನು ಬರೆದ ತಂತ್ರಾಂಶ ಬೇಕಾಯಿತು. ಇನ್ನೊಂದಕ್ಕೆ ನೀವೇ ಸಾಕಾದಿರಿ. ಮುಂದಿನ ಬಾರಿ ಹೊಸ ಆವೃತ್ತಿ ಹಾಕಿಸುವ ಮುನ್ನ, ನಿಮ್ಮ ಕಡತಗಳಲ್ಲಿ ಎಷ್ಟು ಮೊದಲನೆಯ ಬಗೆಯವು, ಎಷ್ಟು ಎರಡನೆಯ ಬಗೆಯವು ಎಂದು ಎಣಿಸಿ ನೋಡಿ.